ಸ್ಕೂಟರ್ ನೀರಿಗಿಳಿಸುವ ಮುನ್ನ

ಶಾಲೆಯಿಂದ ಮಗುವನ್ನು ಕರೆತರಲು ಜಡಿಮಳೆಯಲ್ಲೇ ಸ್ಕೂಟರ್ ಹತ್ತಿದ್ದೀರಿ. ಎದುರಿಗೆ ರಸ್ತೆ ತುಂಬ ಮೊಣಕಾಲುದ್ದ ನೀರು. ಸ್ವಲ್ಪ ನಿಲ್ಲಿ. ಎಂಜಿನ್ನಿಗೂ ಉಸಿರಾಡಲು ಗಾಳಿ ಬೇಕು. ಆ ದಾರಿಯಲ್ಲಿ ನೀರು ನುಗ್ಗಿದರೆ ಪಿಸ್ಟನ್ ಅದನ್ನು ಒತ್ತಲಾರದು. ಒಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಕೆಸರಿನಲ್ಲಿ ಓಡಿಸುವ ಎಟಿವಿಗಳಲ್ಲಿ ಇದಕ್ಕೆಂದೇ ಗಾಳಿಯ ಕೊಳವೆಯನ್ನು ಹ್ಯಾಂಡಲಿನೆತ್ತರಕ್ಕೆ ಏರಿಸುತ್ತಾರೆ, ಬೆಲ್ಟ್ ಇರುವ ಪೆಟ್ಟಿಗೆಗೂ ಬೇರೆ ಕೊಳವೆ ಇಡುತ್ತಾರೆ. ನಮ್ಮ ಸ್ಕೂಟರಿಗೆ ಆ ಭಾಗ್ಯವೆಲ್ಲಿ! ಬೆಲ್ಟ್ ಒದ್ದೆಯಾದರೆ ಜಾರುತ್ತದೆ, ಎಂಜಿನ್ ಅರಚಿದರೂ ಗಾಡಿ ಮುಂದೆ ಹೋಗದು.

ನಡುನೀರಿನಲ್ಲಿ ಗಾಡಿ ನಿಂತರೆ ಗಾಬರಿಯಿಂದ ಸೆಲ್ಫ್ ಒತ್ತಲೇಬೇಡಿ. ತಳ್ಳಿಕೊಂಡು ಹೊರಬನ್ನಿ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೀರು ತೆಗೆಯಲಿ. ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಬದಲಿಸಿದ ಮೇಲೆಯೇ ಸ್ಟಾರ್ಟ್ ಮಾಡಿಸಿ.

ನೀರು ರಭಸದಿಂದ ಹರಿಯುತ್ತಿದ್ದರೆ ಮಾತ್ರ, ಕಡಿಮೆ ಆಳವೆಂದು ಕಂಡರೂ ಇಳಿಯಬೇಡಿ. ಟೀಚರಿಗೆ ಫೋನ್ ಮಾಡಿ. ಮಗು ಅರ್ಧ ಗಂಟೆ ಅಲ್ಲೇ ಇರಲಿ.