ಟ್ರಿಯೆಸ್ಟೆಯಲ್ಲಿ ಚಿಕ್ಕಮಗಳೂರನ್ನು ಹುಡುಕುತ್ತಾ

ಘಾಟಿ ಇಳಿದ ಕಾಫಿ ಎಲ್ಲಿಗೆ ಹೋಗುತ್ತದೆ ಎಂದು ಮೂಡಿಗೆರೆ ಕಡೆಯ ಮಕ್ಕಳು ಕೇಳಿದರೆ ಸಿಗುವ ಉತ್ತರ ಒಂದೇ: ‘ಮಂಗಳೂರಿಗೆ, ಅಲ್ಲಿಂದ ಫಾರಿನ್ನಿಗೆ.’ ಆ ಫಾರಿನ್ನಿಗೊಂದು ವಿಳಾಸವಿದೆ. ಭಾರತದಲ್ಲಿ ಬೆಳೆಯುವ ಕಾಫಿಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಬಹಳ ವರ್ಷಗಳಿಂದ ಮೊದಲ ಸ್ಥಾನ ಇಟಲಿಯದು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಹಾಗಾಗಿ ಇಟಲಿಯ ಯಾವುದೋ ಊರಿನಲ್ಲಿ ಬೆಳಗಿನ ಎಸ್ಪ್ರೆಸೊ ಕುಡಿಯುವವರ ಲೋಟದಲ್ಲಿ ಕೊಡಗೋ, ಹಾಸನವೋ, ಚಿಕ್ಕಮಗಳೂರೋ ಸ್ವಲ್ಪವಾದರೂ ಸೇರಿರುತ್ತದೆ.

ನವಮಂಗಳೂರು ಬಂದರಿನಲ್ಲಿ ಹಡಗೇರಿದ ಕಾಫಿ ಅರಬ್ಬಿ ಸಮುದ್ರ ದಾಟಿ, ಕೆಂಪು ಸಮುದ್ರ ಹೊಕ್ಕು, ಸೂಯೆಜ್ ಕಾಲುವೆಯ ಮೂಲಕ ಮೆಡಿಟರೇನಿಯನ್ ಸೇರುತ್ತದೆ. ಕೆಂಪು ಸಮುದ್ರ ಹೊಕ್ಕ ಸ್ವಲ್ಪದರಲ್ಲೇ ಬಲಗಡೆ ಯೆಮೆನ್ನಿನ ಮೋಕಾ ಸಿಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎನ್ನುತ್ತಾರಲ್ಲ, ಆ ಐತಿಹ್ಯದ ಬಂದರು ಅದೇ. ಆ ಬೀಜದ ಸಂತತಿಯೇ ಇವತ್ತು ಆ ಊರಿನ ಮುಂದೆ ಹಾದು ಯುರೋಪಿಗೆ ಹೋಗುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಬಾಡಿಗೆಯೂ ಏರಿತು, ದಿನಗಳೂ ಹೆಚ್ಚಿದವು, ಅದರ ಬಿಸಿ ನಮ್ಮ ಕಾಫಿ ರಫ್ತಿಗೂ ತಟ್ಟಿತು.

ಜರ್ಮನಿಯಲ್ಲಿ ಓದುತ್ತಿರುವ ನಾವು ಕೆಲವು ಗೆಳೆಯರು ರಜೆಯಲ್ಲಿ ವೆನಿಸ್ ನೋಡಲು ಹೊರಟಾಗ, ಅಲ್ಲಿಂದ ಟ್ರಿಯೆಸ್ಟೆಗೂ ಹೋಗೋಣ ಎಂದು ಹಟ ಹಿಡಿದದ್ದು ನಾನು. ‘ವೆನಿಸ್ ಬಿಟ್ಟು ಅಲ್ಲೇನೈತಿ ಅಂತ ಹೋಗೂದು?’ ಎಂದ ಹುಬ್ಬಳ್ಳಿಯ ಗೆಳೆಯ. ‘ನಮ್ಮ ಕಾಫಿ ಇದೆ ಮಾರಾಯ’ ಎಂದೆ. ವಯನಾಡಿನ ಗೆಳತಿ ತಕ್ಷಣ ನನ್ನ ಪಕ್ಷ ಸೇರಿದಳು. ಅವಳ ಮನೆಯವರೂ ರೋಬಸ್ಟಾ ಕಾಫಿ ಬೆಳೆಯುವವರು.

ವೆನಿಸ್ ಬಗ್ಗೆ ಬರೆಯದವರಿಲ್ಲ. ನೂರಕ್ಕೂ ಹೆಚ್ಚು ದ್ವೀಪ, ನಾನೂರರಷ್ಟು ಸೇತುವೆ, ಹೆಜ್ಜೆಹೆಜ್ಜೆಗೂ ಫೋಟೊ. ಹಗಲು ಬಂದು ಹಗಲೇ ಹೋಗುವ ಪ್ರವಾಸಿಗಳ ಗದ್ದಲ ತಾಳಲಾರದೆ 2024ರಿಂದ ಕೆಲವು ದಿನಗಳಲ್ಲಿ ಅವರಿಂದ ಪ್ರವೇಶ ಶುಲ್ಕ ಪಡೆಯುತ್ತಿದ್ದಾರೆ. ಮುಳ್ಳಯ್ಯನಗಿರಿ ದಾರಿಯಲ್ಲಿ ವಾರಾಂತ್ಯದ ಕಾರುಗಳ ಸಾಲು ನೋಡಿದವರಿಗೆ ಅದರ ಅಗತ್ಯ ವಿವರಿಸಬೇಕಿಲ್ಲ. ಸಂತ ಮಾರ್ಕನ ಚೌಕದಲ್ಲಿ 1720ರಿಂದ ನಡೆಯುತ್ತಿರುವ ಫ್ಲೋರಿಯನ್ ಕಾಫಿಮನೆಯನ್ನು ಹೊರಗಿನಿಂದ ನೋಡಿದೆವು. ಒಳಗಿನ ದರ ವಿದ್ಯಾರ್ಥಿಗಳ ಜೇಬಿಗೆ ಹೊಂದುವುದಲ್ಲ.

ವೆನಿಸ್‌ನಿಂದ ಟ್ರಿಯೆಸ್ಟೆಗೆ ರೈಲಿನಲ್ಲಿ ಎರಡು ಗಂಟೆ. ಮೊನ್‌ಫಲ್ಕೋನೆ ದಾಟಿದ ಮೇಲೆ ಬಯಲು ಮುಗಿದು, ಹಳಿ ಸುಣ್ಣಕಲ್ಲಿನ ಗುಡ್ಡದ ಅಂಚಿಗೆ ಏರುತ್ತದೆ. ಬಲಗಡೆ ಕೆಳಗೆ ಏಡ್ರಿಯಾಟಿಕ್ ಸಮುದ್ರ. ನೀರಿಗೆ ಚಾಚಿದ ಬಂಡೆಯ ಮೇಲೆ ಮಿರಾಮಾರೆಯ ಬಿಳಿ ಅರಮನೆ. ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ 19ನೆಯ ಶತಮಾನದ ನಡುವೆ ಕಟ್ಟಿಸಿದ್ದು. ಇಟಲಿಯ ಊರಿನಲ್ಲಿ ಆಸ್ಟ್ರಿಯಾದವರ ಅರಮನೆ ಏಕೆ ಎಂದರೆ, ಶತಮಾನಗಳ ಕಾಲ ಟ್ರಿಯೆಸ್ಟೆ ವಿಯೆನ್ನಾದ ಹಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. 1719ರಲ್ಲಿ ಆರನೆಯ ಚಾರ್ಲ್ಸ್ ಇದನ್ನು ಸುಂಕಮುಕ್ತ ಬಂದರು ಎಂದು ಸಾರಿದ. ಗ್ರೀಕರು, ಸರ್ಬಿಯನ್ನರು, ಯಹೂದಿಗಳು, ಆರ್ಮೇನಿಯನ್ನರು ವ್ಯಾಪಾರಕ್ಕೆ ಬಂದು ನೆಲೆಸಿದರು. 1857ರಲ್ಲಿ ವಿಯೆನ್ನಾದಿಂದ ಇಲ್ಲಿಯವರೆಗೆ ರೈಲು ಬಂತು. ವಿಯೆನ್ನಾದ ಕಾಫಿಮನೆಗಳಿಗೆ ಬೇಕಾದ ಕಾಫಿ ಇಳಿಯುತ್ತಿದ್ದ ಬಂದರು ಇದು. ಮೊದಲ ಮಹಾಯುದ್ಧದ ನಂತರ ಊರು ಇಟಲಿಗೆ ಸೇರಿತು. ಎರಡನೆಯ ಮಹಾಯುದ್ಧದ ನಂತರ ಕೆಲಕಾಲ ಯಾರಿಗೂ ಸೇರದೆ ಇದ್ದು, 1954ರಲ್ಲಿ ಮತ್ತೆ ಇಟಲಿಗೆ ಬಂತು. ಇಷ್ಟು ಕೈ ಬದಲಾದರೂ ಕಾಫಿ ವ್ಯಾಪಾರ ಮಾತ್ರ ನಿಂತಿಲ್ಲ.

ಭಾರತದವರಿಗೂ ಈ ಊರು ಹೊಸದಲ್ಲ. ಸೂಯೆಜ್ ತೆರೆದ ಮೇಲೆ ಇಲ್ಲಿನ ಲಾಯ್ಡ್ ಕಂಪನಿಯ ಹಡಗುಗಳು ಮುಂಬೈಗೆ ಓಡಾಡುತ್ತಿದ್ದವು. ಸ್ವಾತಂತ್ರ್ಯಪೂರ್ವದಲ್ಲಿ ಯುರೋಪಿಗೆ ಓದಲು ಹೊರಟ ಭಾರತೀಯ ವಿದ್ಯಾರ್ಥಿಗಳಲ್ಲಿ ಅನೇಕರು ಏರಿದ್ದು ಅದೇ ಕಂಪನಿಯ ಹಡಗು. ಮಿರಾಮಾರೆಯ ಪಕ್ಕದಲ್ಲೇ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರವಿದೆ. ಬಡ ದೇಶಗಳ ವಿಜ್ಞಾನಿಗಳಿಗಾಗಿಯೇ ಹುಟ್ಟಿದ ಆ ಕೇಂದ್ರಕ್ಕೆ ಬೆಂಗಳೂರಿನ ಸಂಶೋಧಕರು ಹೋಗಿಬರುವುದು ವಾಡಿಕೆ.

ಊರಿನ ನಡುವಿನ ಚೌಕ ಮೂರು ಕಡೆ ಅರಮನೆಯಂಥ ಕಟ್ಟಡಗಳಿಂದ ಸುತ್ತುವರಿದಿದೆ, ನಾಲ್ಕನೆಯ ಕಡೆ ನೇರ ಸಮುದ್ರ. ಚಳಿಗಾಲದಲ್ಲಿ ‘ಬೋರಾ’ ಎಂಬ ಗಾಳಿ ಗುಡ್ಡದಿಂದ ಸಮುದ್ರಕ್ಕೆ ನುಗ್ಗಿ ಬೀಸುತ್ತದೆ. ಹಿಂದೆ ಜನ ಹಿಡಿದು ನಡೆಯಲೆಂದು ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ. ಕಾಲುವೆಯ ಸೇತುವೆ ಮೇಲೆ ಲೇಖಕ ಜೇಮ್ಸ್ ಜಾಯ್ಸ್‌ನ ಕಂಚಿನ ಪ್ರತಿಮೆ ಟೋಪಿ ಹಾಕಿಕೊಂಡು ನಡೆದುಹೋಗುವಂತೆ ನಿಂತಿದೆ. 1905ರಿಂದ 1915ರವರೆಗೆ ಬಹುಪಾಲು ಆತ ಇಲ್ಲಿಯೇ ಇದ್ದ, ಇಂಗ್ಲಿಷ್ ಪಾಠ ಹೇಳಿಕೊಂಡು. ಗೆಳೆಯರು ಅವನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ನನ್ನ ಕಾಲು ಮಾತ್ರ 1914ರಲ್ಲಿ ತೆರೆದ ಕೆಫೆ ಸಾನ್ ಮಾರ್ಕೊ ಕಡೆಗೆ ಎಳೆಯುತ್ತಿತ್ತು.

ಎತ್ತರದ ಚಾವಣಿ, ಅಮೃತಶಿಲೆಯ ಮೇಜುಗಳು, ಒಳಗೇ ಒಂದು ಪುಸ್ತಕದಂಗಡಿ. ಗಂಟೆಗಟ್ಟಲೆ ಕೂತು ಓದುವವರನ್ನು ಯಾರೂ ಎಬ್ಬಿಸುವುದಿಲ್ಲ. ಲೇಖಕ ಕ್ಲೌಡಿಯೊ ಮಾಗ್ರಿಸ್ ಇಲ್ಲಿ ಕೂತೇ ಬರೆಯುತ್ತಿದ್ದುದು ಊರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಕಣ್ಣಿಗೆ ಬಿದ್ದದ್ದು ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಕಾಫಿ ಎಲೆಗಳ ಚಿತ್ತಾರ! ವಯನಾಡಿನ ಗೆಳತಿ ಮತ್ತು ನಾನು ಕುತ್ತಿಗೆ ನೋಯುವವರೆಗೆ ತಲೆ ಎತ್ತಿ ನೋಡಿದೆವು. ಅರೇಬಿಕಾದ ಎಲೆ ಕಡುಹಸಿರು, ಚಿಕ್ಕದು. ರೋಬಸ್ಟಾದ್ದು ಅಗಲ, ಸುಕ್ಕುಸುಕ್ಕು, ಬಣ್ಣ ತಿಳಿ. ಗೋಡೆಯದು ಅರೇಬಿಕಾ ಎಂದು ನಾನು, ಅಲ್ಲ ಎಂದು ಅವಳು. ನೂರು ವರ್ಷಕ್ಕೂ ಹಿಂದೆ ಇದನ್ನು ಬರೆಸಿದವರಿಗೆ ಲೋಟದೊಳಗಿನ ಕಪ್ಪು ನೀರು ಗಿಡದಿಂದ ಬಂದದ್ದು ಎಂಬ ನೆನಪಿತ್ತು. ಅದಕ್ಕಾಗಿಯೇ ಆ ಗೋಡೆ ನನಗೆ ವೆನಿಸ್‌ನ ಎಲ್ಲ ಚಿನ್ನದ ಗುಮ್ಮಟಗಳಿಗಿಂತ ಹೆಚ್ಚು ಹಿಡಿಸಿತು.

ಟ್ರಿಯೆಸ್ಟೆಯಲ್ಲಿ ಕಾಫಿ ಹೇಳುವ ಕ್ರಮ ಇಟಲಿಯ ಉಳಿದ ಊರುಗಳಂತಲ್ಲ. ಎಸ್ಪ್ರೆಸೊ ಬೇಕಿದ್ದರೆ ‘ನೇರೊ’ ಎನ್ನಬೇಕು. ಮೇಲೊಂದಿಷ್ಟು ಹಾಲಿನ ನೊರೆ ಬೇಕಿದ್ದರೆ ‘ಕಾಪೊ’. ಅದನ್ನೇ ಪುಟ್ಟ ಗಾಜಿನ ಲೋಟದಲ್ಲಿ ಕೊಡಿ ಎನ್ನಲು ‘ಕಾಪೊ ಇನ್ ಬಿ’. ಸಾಮಾನ್ಯ ಅಂಗಡಿಗಳಲ್ಲಿ ನಿಂತು ಕುಡಿದರೆ ಬೆಲೆ ಕಡಿಮೆ. ಅಂಥ ಒಂದು ಅಂಗಡಿಯಲ್ಲಿ ಯಂತ್ರದ ಮುಂದಿದ್ದ ಹಿರಿಯರು ನಮ್ಮ ಊರು ಕೇಳಿದರು. ಇಂಡಿಯಾ, ನಮ್ಮ ಮನೆಯಲ್ಲಿ ಕಾಫಿ ಬೆಳೆಯುತ್ತೇವೆ ಎಂದಾಗ ಅವರ ಮುಖ ಅರಳಿತು. ‘ರೋಬಸ್ಟಾ?’ ಎಂದರು. ಅದೂ ಇದೆ, ಮೇಲಿನ ತೋಟದಲ್ಲಿ ಅರೇಬಿಕಾ ಇದೆ ಎಂದೆ. ‘ಎಲ್ಲಿ? ಮಲಬಾರ್?’ ಎಂದರು. ಚಿಕ್ಕಮಗಳೂರು ಎಂದೆ. ಅವರು ಕೇಳಿರಲಿಲ್ಲ.

ಅದು ಅವರ ತಪ್ಪಲ್ಲ. ಪಕ್ಕದ ಕಪಾಟಿನಲ್ಲಿದ್ದ ಪೊಟ್ಟಣಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆವು. ಇಥಿಯೋಪಿಯಾದ ಸಿದಾಮೊ ಇತ್ತು, ಗ್ವಾಟೆಮಾಲಾದ ಆಂಟಿಗುವಾ ಇತ್ತು. ಭಾರತ ಇದ್ದ ಕಡೆ ‘ಇಂಡಿಯಾ’ ಎಂಬ ಒಂದು ಪದ, ಇಲ್ಲವೇ ‘ಮಲಬಾರ್’. ಈ ಮಲಬಾರ್ ಎಂದರೆ ಮಳೆಗಾಲದ ತೇವದ ಗಾಳಿಗೆ ಮಂಗಳೂರು ಕಡೆಯ ಗೋದಾಮುಗಳಲ್ಲಿ ಹರವಿ, ಉಬ್ಬಿಸಿ, ಹುಳಿ ಇಳಿಸಿದ ಕಾಫಿ. ಹಾಯಿ ಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಬಣ್ಣ ಬದಲಾಗುತ್ತಿದ್ದ ಕಾಫಿಯ ರುಚಿ ಯುರೋಪಿನವರ ನಾಲಿಗೆಗೆ ಹತ್ತಿತ್ತು, ಅದನ್ನು ಉಳಿಸಿಕೊಳ್ಳಲು ಕಂಡುಕೊಂಡ ಉಪಾಯ ಇದು. ಬೀಜ ಘಟ್ಟದ ಮೇಲಿನದು, ಹೆಸರು ಕರಾವಳಿಯದು. ‘ಮೈಸೂರು ನಗೆಟ್ಸ್’ ಎಂಬ ಶ್ರೇಷ್ಠ ದರ್ಜೆಗೂ ಅಂಟಿದ್ದು ಹಳೆಯ ರಾಜಧಾನಿಯ ಹೆಸರು. ಗುಡ್ಡದ ಊರುಗಳಿಗೆ ಎಲ್ಲೂ ಜಾಗ ಸಿಕ್ಕಿಲ್ಲ.

ಕಾಫಿ ಹುರಿಯುವವರ ಕಡೆಯ ನ್ಯಾಯವನ್ನೂ ಹೇಳಬೇಕು. ಎಸ್ಪ್ರೆಸೊ ಎಂಬುದೇ ಮಿಶ್ರಣದ ಕಲೆ. ಹಲವು ದೇಶಗಳ ಬೀಜ ಸೇರಿಸಿ ವರ್ಷವರ್ಷವೂ ಅದೇ ರುಚಿ ಕೊಡುವುದು ಅವರ ಕಸುಬು. ನಮ್ಮ ತೊಳೆದ ರೋಬಸ್ಟಾ ಆ ಮಿಶ್ರಣಕ್ಕೆ ಗಟ್ಟಿತನ ಕೊಡುತ್ತದೆ, ಮೇಲಿನ ಕಂದು ನೊರೆ ನಿಲ್ಲಿಸುತ್ತದೆ. 1933ರಲ್ಲಿ ಫ್ರಾಂಚೆಸ್ಕೊ ಇಲ್ಲಿ ಎಂಬವರು ಈ ಊರಿನಲ್ಲಿ ಸ್ಥಾಪಿಸಿದ ‘ಇಲ್ಲಿಕಫೆ’ಯಂಥ ಕಂಪನಿ ಬೆಳೆಗಾರರಿಗಾಗಿ ಅಂತರರಾಷ್ಟ್ರೀಯ ಪ್ರಶಸ್ತಿಯನ್ನೇ ಇಟ್ಟಿದೆ. ಅದರ ಅಂತಿಮ ಸುತ್ತಿನಲ್ಲಿ ಭಾರತದ ತೋಟಗಳೂ ಇರುತ್ತವೆ. ಆದರೆ ದಿನಾ ಕುಡಿಯುವವರ ಕೈಗೆ ಬರುವ ಪೊಟ್ಟಣದವರೆಗೆ ಆ ಗುರುತು ತಲುಪುವುದಿಲ್ಲ.

ನಮ್ಮ ಕಡೆಯ ಕಾರಣವೂ ಇದೆ. 1942ರ ಕಾಫಿ ಕಾಯಿದೆಯ ಕಾಲದಿಂದ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಹಾಕಬೇಕಿತ್ತು. ಎಲ್ಲರ ಕಾಫಿ ಅಲ್ಲಿ ಬೆರೆತು ದರ್ಜೆಯಾಗಿ ಮಾರಾಟವಾಗುತ್ತಿತ್ತು. ಮುಕ್ತ ಮಾರುಕಟ್ಟೆ ಪೂರ್ತಿಯಾಗಿ ಬಂದದ್ದು 1996ರಲ್ಲಿ. ಅರ್ಧ ಶತಮಾನ ತೋಟದ ಹೆಸರಿಗೆ ಬೆಲೆಯೇ ಇಲ್ಲದೆ ನಡೆದ ವ್ಯವಹಾರದ ರೂಢಿ ಅಷ್ಟು ಬೇಗ ಹೋಗುವುದಿಲ್ಲ. ಇವತ್ತಿಗೂ ಹೆಚ್ಚಿನವರು 50 ಕೆ.ಜಿ. ಚೀಲದ ಲೆಕ್ಕದಲ್ಲಿ ಊರಿನ ವ್ಯಾಪಾರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಸಣ್ಣ ಬೆಳೆಗಾರರೇ ಬಹುಸಂಖ್ಯೆಯಲ್ಲಿರುವ ಕಡೆ ಅದನ್ನು ತಪ್ಪು ಎನ್ನಲೂ ಆಗುವುದಿಲ್ಲ. ಸಾಲದ ಕಂತು ಲೇಬಲ್ ಅಚ್ಚಾಗುವವರೆಗೆ ಕಾಯುವುದಿಲ್ಲ.

ಆ ರಾತ್ರಿ ಮನೆಗೆ ವಿಡಿಯೊ ಕಾಲ್ ಮಾಡಿದೆ. ‘ಅಲ್ಲಿ ಕಾಫಿ ಹೇಗಿದೆ ಮಗಾ?’ ಎಂದರು ಅಮ್ಮ. ಅಪ್ಪ ಬೇರೆಯದೇ ಹೇಳಿದರು. ಯುರೋಪಿನ ಹೊಸ ಕಾನೂನಿಗಾಗಿ ತೋಟದ ಜಾಗದ ಗುರುತನ್ನು ಮೊಬೈಲ್‌ನಲ್ಲಿ ದಾಖಲಿಸಬೇಕು, ಕಾಫಿ ಮಂಡಳಿಯವರು ಹೇಳುತ್ತಿದ್ದಾರೆ ಎಂದು. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಪ್ಪಿದ ಆ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಒಪ್ಪಿಸಬೇಕು. ಜಾಗ ನಾಲ್ಕು ಹೆಕ್ಟೇರ್‌ಗಿಂತ ದೊಡ್ಡದಿದ್ದರೆ ಗಡಿಯ ನಕ್ಷೆಯನ್ನೇ ಕೊಡಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ, ಕಾನೂನು ಮಾತ್ರ ರದ್ದಾಗಿಲ್ಲ.

ಕಾಡು ಉಳಿಸುವ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಮರದ ನೆರಳಿನಲ್ಲೇ ಕಾಫಿ ಬೆಳೆಯುವ ನಮ್ಮ ಪದ್ಧತಿಗೆ ಅದರಿಂದ ಮರ್ಯಾದೆ ಬರಬೇಕು. ಹಾಲುವಾಣ, ಅತ್ತಿ, ಹಲಸು, ಸಿಲ್ವರ್, ಅವಕ್ಕೆ ಹಬ್ಬಿದ ಕಾಳುಮೆಣಸು, ಇವುಗಳ ಕೆಳಗೆ ಕಾಫಿ. ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್, ಮಳೆಗಾಲಕ್ಕೆ ಮೊದಲು ಮರಗಸಿ, ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಭಯ, ನವೆಂಬರ್‌ನಿಂದ ಕೊಯ್ಲು, ಪಲ್ಪರ್, ಕಣದಲ್ಲಿ ಒಣಗಿಸುವಾಗ ಅಕಾಲದ ಮೋಡ. ಮೂಡಿಗೆರೆ ಸುತ್ತ ಆನೆ ಬಂದ ಸುದ್ದಿ ಕೇಳಿ ಕೆಲಸದವರು ತೋಟಕ್ಕಿಳಿಯದ ದಿನಗಳೂ ಇವೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಈ ಬೆಳೆಗಾಗಿ ದುಡಿಯುತ್ತಿದೆ. ಅಲ್ಲಿ ರೂಪುಗೊಂಡ ಎಸ್. 795 ತಳಿ ಇಂದಿಗೂ ನಮ್ಮ ಅರೇಬಿಕಾದ ಬೆನ್ನೆಲುಬು. ಇಷ್ಟೆಲ್ಲ ಇರುವ ಜಾಗದಿಂದ ಯುರೋಪಿಗೆ ಹೋಗಬೇಕಾದದ್ದು ಬರೀ ಅಂಕಿಯೇ? ನಮ್ಮ ತೋಟ ಭೂಮಿಯ ಮೇಲೆ ಎಲ್ಲಿದೆ ಎಂಬುದು ಕಸ್ಟಮ್ಸ್‌ನ ಕಂಪ್ಯೂಟರಿಗೆ ಗೊತ್ತಿರುತ್ತದೆ, ಕಾಫಿ ಕುಡಿಯುವವರಿಗೆ ಮಾತ್ರ ಗೊತ್ತಿರುವುದಿಲ್ಲ. ಇದು ಸರಿಯಲ್ಲ. ಅಷ್ಟು ಖಚಿತವಾಗಿ ಜಾಗ ಕೇಳುವವರು ಅದರ ಹೆಸರನ್ನೂ ಪೊಟ್ಟಣದ ಮೇಲೆ ಹಾಕಲಿ.

ಹಾಗೆ ಕೇಳಲು ನಮ್ಮ ಕೈಯಲ್ಲಿ ದಾಖಲೆಯೂ ಇದೆ. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಚಿಕ್ಕಮಗಳೂರಿನ ಮೂಲದ ಕೆಫೆ ಕಾಫಿ ಡೇ ಒಂದು ಕಾಲಕ್ಕೆ ವಿಯೆನ್ನಾದಲ್ಲೇ ಅಂಗಡಿ ತೆರೆದಿತ್ತು. ಅಂದರೆ ನಮ್ಮವರಿಗೆ ಯುರೋಪಿಗೆ ಹೋಗುವ ದಾರಿ ಗೊತ್ತಿಲ್ಲವೆಂದಲ್ಲ.

ಬೆಳೆಗಾರರ ಸಂಘಗಳು ಈ ಮಾನ್ಯತೆಯನ್ನು ಕಡತದಲ್ಲಿ ಬಿಡಬಾರದು. ಅದನ್ನು ಬಳಸಲು ಬೆಳೆಗಾರರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಮೂಡಿಗೆರೆ, ಕಳಸದ ಸಣ್ಣ ಬೆಳೆಗಾರರಿಂದ ಊರೂರಿಗೆ ಹೋಗಿ ಅರ್ಜಿ ಹಾಕಿಸುವ ಕೆಲಸವನ್ನು ಸಂಘಗಳೂ ಮಂಡಳಿಯೂ ಸೇರಿ ಕೈಗೆತ್ತಿಕೊಳ್ಳಲಿ. ಇನ್ನು ಯುರೋಪಿನಲ್ಲಿ ಓದುತ್ತಿರುವ ಮಲೆನಾಡಿನ ಗೆಳೆಯರೇ, ರಜೆಯಲ್ಲಿ ವೆನಿಸ್‌ಗೆ ಹೋದರೆ ಎರಡು ಗಂಟೆ ಮುಂದಕ್ಕೆ ಟ್ರಿಯೆಸ್ಟೆಗೂ ಹೋಗಿ. ‘ನೇರೊ’ ಕುಡಿಯಿರಿ, ಸಾನ್ ಮಾರ್ಕೊದ ಗೋಡೆ ನೋಡಿ. ಅಂಗಡಿಯವರನ್ನು, ಇದರಲ್ಲಿ ಭಾರತದ ಕಾಫಿ ಇದೆಯೇ, ಇದ್ದರೆ ಯಾವ ಊರಿನದು ಎಂದು ತಪ್ಪದೆ ಕೇಳಿ.