ಕೋವಿ ಸಿಗದವರ ಮೌಸರ್

ಜರ್ಮನಿಯ ನೆಕ್ಕಾರ್ ನದಿಯ ದಡದಲ್ಲಿ ಓಬರ್ನ್‌ಡಾರ್ಫ್ ಎಂಬ ಊರು. ಅಲ್ಲಿನ ಮೌಸರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಫಿಡೆಲ್, ಫ್ರೀಡ್ರಿಷ್, ಜೋಸೆಫ್ ಎಂಬ ಫೀಡರ್ಲೆ ಸೋದರರು ತಾನಾಗಿಯೇ ತೋಟಾ ತುಂಬಿಕೊಳ್ಳುವ ಪಿಸ್ತೂಲೊಂದನ್ನು ರೂಪಿಸಿದರು. 1895ರಲ್ಲಿ ಪೇಟೆಂಟ್ ಆದದ್ದು ಮಾತ್ರ ಯಜಮಾನ ಪೌಲ್ ಮೌಸರ್ ಹೆಸರಿನಲ್ಲಿ. ಮರುವರ್ಷ ತಯಾರಿಕೆ ಶುರುವಾಯಿತು. ಮೌಸರ್ ಸಿ96 ಎಂದು ಹೆಸರಾದ ಈ ಪಿಸ್ತೂಲಿನ ಚರಿತ್ರೆಯಲ್ಲಿ ಸೋದರರು ಅಡಿಟಿಪ್ಪಣಿಯಾಗಿ ಉಳಿದಿರುವುದು ನನಗೆ ಅನ್ಯಾಯವೆನಿಸುತ್ತದೆ. ಅದರೊಳಗಿನ ಜಾಣ್ಮೆಯೆಲ್ಲ ಅವರದೇ.

ಬಿಚ್ಚಿ ನೋಡಿದವರಿಗೆ ಅದು ಗೊತ್ತು. ಹಿಡಿಯ ಎರಡು ಮರದ ಪಟ್ಟಿಗಳನ್ನು ಬಿಗಿಯುವ ಒಂದು ಸ್ಕ್ರೂ ಬಿಟ್ಟರೆ ಇಡೀ ಪಿಸ್ತೂಲಿನಲ್ಲಿ ಇನ್ನೊಂದು ಸ್ಕ್ರೂ ಇಲ್ಲ. ನುರಿತ ಬಡಗಿ ಮೊಳೆ ಮುಟ್ಟದೆ ಬಾಗಿಲ ಚೌಕಟ್ಟು ಕೂಡಿಸಿದಂತೆ, ಉಕ್ಕಿನ ಒಂದು ಭಾಗ ಇನ್ನೊಂದನ್ನು ಕಚ್ಚಿಕೊಂಡು ನಿಲ್ಲುತ್ತದೆ. ಗುಂಡು ಹಾರಿದಾಗ ನಳಿಕೆಯೂ ಬೋಲ್ಟೂ ಒಟ್ಟಿಗೇ ತುಸು ಹಿಂದೆ ಸರಿಯುತ್ತವೆ. ಕೆಳಗಿನ ಬೀಗದ ತುಂಡು ಜಾರಿ ಬೋಲ್ಟನ್ನು ಬಿಡಿಸುತ್ತದೆ. ಬೋಲ್ಟ್ ಒಂದೇ ಹಿಂದಕ್ಕೆ ಓಡಿ ಖಾಲಿ ತೋಟಾ ಎಸೆದು, ಹ್ಯಾಮರ್ ಎತ್ತಿ, ಸ್ಪ್ರಿಂಗಿನ ಒತ್ತಡಕ್ಕೆ ಮರಳುವಾಗ ಹೊಸದೊಂದನ್ನು ನಳಿಕೆಗೆ ದೂಡುತ್ತದೆ. ತೋಟಾಗಳ ಮನೆ ಇರುವುದು ಹಿಡಿಯೊಳಗಲ್ಲ, ಟ್ರಿಗರಿನ ಮುಂದೆ. ಹತ್ತು ತೋಟಾಗಳ ಕ್ಲಿಪ್ಪನ್ನು ಮೇಲಿನಿಂದ ಸಿಕ್ಕಿಸಿ, ಹೆಬ್ಬೆರಳಿನಿಂದ ಅಷ್ಟನ್ನೂ ಒಳಗೆ ಒತ್ತಿ, ಕ್ಲಿಪ್ ಎಳೆದರೆ ಸಾಕು, ಬೋಲ್ಟ್ ತಾನೇ ಮುಚ್ಚಿಕೊಳ್ಳುತ್ತದೆ. ಆರು ಗುಂಡಿನ ರಿವಾಲ್ವರಿಗೆ ಒಗ್ಗಿದ್ದವರಿಗೆ ಇದು ದೊಡ್ಡ ಜಿಗಿತ.

ಇಷ್ಟಾದರೂ ಜರ್ಮನ್ ಸೇನೆ 1908ರಲ್ಲಿ ಆರಿಸಿಕೊಂಡದ್ದು ಲೂಗರ್ ಎಂಬ ಇನ್ನೊಂದು ಪಿಸ್ತೂಲನ್ನು. ಸೇನೆ ತಪ್ಪು ಮಾಡಿತು ಎನ್ನಲಾರೆ. ಕಿಲೋಗೂ ಮಿಕ್ಕಿದ ತೂಕ, ಮುಂದಕ್ಕೆ ವಾಲುವ ಮೈ, ಪೊರಕೆ ಹಿಡಿಯೆಂದೇ ಅಡ್ಡಹೆಸರು ತಂದುಕೊಟ್ಟ ದುಂಡನೆಯ ಹಿಡಿ. ಸೊಂಟದಲ್ಲಿ ಹೊತ್ತು ತಿರುಗುವ ಸಿಪಾಯಿಗೆ ಲೂಗರೇ ಹಗುರ. ಮೊದಲ ಮಹಾಯುದ್ಧದಲ್ಲಿ ಪಿಸ್ತೂಲುಗಳು ಸಾಲದೆ ಬಂದಾಗ ಅದೇ ಸೇನೆ 9 ಮಿಲಿಮೀಟರ್ ಅಳತೆಯ 1,50,000 ಮೌಸರ್‌ಗಳಿಗೆ ಬೇಡಿಕೆ ಇಟ್ಟಿತು. ಹಳೆಯ 7.63 ಮಿಲಿಮೀಟರಿನ ತೋಟಾ ಬೆರೆಯದಿರಲೆಂದು ಹಿಡಿಯ ಮೇಲೆ ಕೆಂಪು ಬಣ್ಣದ 9 ಕೊರೆದರು.

ಅಷ್ಟರೊಳಗೆ ಈ ಪಿಸ್ತೂಲು ಬೇರೆ ಕೈಗಳನ್ನು ಹುಡುಕಿಕೊಂಡಿತ್ತು. ಬೆಂಗಳೂರು ದಂಡಿಗೆ ಹೊರಟಿದ್ದ ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಮುಂಬೈನ ಸಸೂನ್ ಡಾಕ್‌ನಲ್ಲಿ ದೋಣಿಯಿಂದ ಇಳಿಯುವಾಗ ಕಬ್ಬಿಣದ ಬಳೆ ಹಿಡಿದು, ದೋಣಿ ಜಗ್ಗಿ, ಬಲಭುಜ ಉಳುಕಿಸಿಕೊಂಡಿದ್ದ. 1898ರಲ್ಲಿ ಸುಡಾನಿನ ಓಮ್‌ಡರ್ಮನ್ ಕಾಳಗಕ್ಕೆ ಕತ್ತಿಯ ಬದಲು ಮೌಸರ್ ಹಿಡಿದದ್ದು ಆ ಭುಜದ ದೆಸೆಯಿಂದ.

ಆದರೆ ಈ ಪಿಸ್ತೂಲಿನ ನಿಜವಾದ ಗುಣ ಅದರ ಮರದ ಒರೆಯಲ್ಲಿದೆ. ಪಿಸ್ತೂಲು ಹೊರತೆಗೆದು ಒರೆಯನ್ನೇ ಹಿಡಿಯ ಹಿಂದೆ ಸಿಕ್ಕಿಸಿದರೆ, ಹೆಗಲಿಗೆ ಒತ್ತಿ ಗುರಿಯಿಡುವ ಪುಟ್ಟ ಕೋವಿ ಸಿದ್ಧ. ಗುರಿಪಟ್ಟಿಯಲ್ಲಿ 1,000 ಮೀಟರ್‌ವರೆಗೆ ಗೆರೆಗಳಿದ್ದವು. ಅದು ಅತಿಯಾದ ಆಸೆ. ಅದರಲ್ಲಿ ಕಾಲುಪಾಲು ದೂರಕ್ಕೂ ಪಳಗಿದ ಕೈ ಬೇಕು. ಆದರೂ ಕೋವಿ ಸಿಗದವರಿಗೆ, ಬಟ್ಟೆಯೊಳಗೆ ಅಡಗುವ ಕೋವಿ ಸಿಕ್ಕಂತಾಯಿತು.

1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ಇದನ್ನು ಬಲ್ಲವರು ಕೆಲಸ ಮಾಡಿದರು. ರೋಡಾ ಎಂಬ ಬಂದೂಕು ವ್ಯಾಪಾರಿ ಕಂಪನಿಯ ನೌಕರ ಶ್ರೀಶಚಂದ್ರ ಮಿತ್ರ ಕಸ್ಟಮ್ಸ್ ಕಚೇರಿಯಿಂದ 202 ಪೆಟ್ಟಿಗೆ ಬಿಡಿಸಿಕೊಂಡ; ಗೋದಾಮಿಗೆ ತಲುಪಿದ್ದು 192. ಉಳಿದ ಹತ್ತು ಎತ್ತಿನ ಗಾಡಿಯಲ್ಲಿ ಕ್ರಾಂತಿಕಾರಿಗಳ ಪಾಲಾದವು: 50 ಮೌಸರ್ ಪಿಸ್ತೂಲು, 46,000 ತೋಟಾ. ಮರುವರ್ಷ ಸೆಪ್ಟೆಂಬರ್ 9ರಂದು ಒಡಿಶಾದ ಬಾಲಸೋರ್ ಬಳಿ ಬಂಗಾಳದ ಕ್ರಾಂತಿಕಾರಿ ಬಾಘಾ ಜತಿನ್ ಮತ್ತು ನಾಲ್ವರು ಸಂಗಡಿಗರು ಮೌಸರ್ ಹಿಡಿದೇ ರೈಫಲ್‌ಧಾರಿ ಪೊಲೀಸರನ್ನು ಒಂದು ಗಂಟೆಗೂ ಹೆಚ್ಚು ತಡೆದು ನಿಲ್ಲಿಸಿದರು. ಸಂಗಡಿಗರಲ್ಲೊಬ್ಬನಾದ ಚಿತ್ತಪ್ರಿಯ ಅಲ್ಲೇ ಮಡಿದ. ಗಾಯಗೊಂಡ ಜತಿನ್ ಮರುದಿನ ತೀರಿಕೊಂಡರು.

ಬ್ರಿಟಿಷರಿಗೂ ಆ ಮರದ ಒರೆಯ ಗುಟ್ಟು ತಿಳಿಯಿತು. ಕ್ರಾಂತಿಕಾರಿ ಚಟುವಟಿಕೆಗಳ ತನಿಖೆಗೆ ನೇಮಿಸಿದ್ದ ರೌಲಟ್ ಸಮಿತಿಯ 1918ರ ವರದಿ ಅದನ್ನು ವಿವರವಾಗಿ ಬರೆದು, ಕಳುವಾದ ಈ ಪಿಸ್ತೂಲುಗಳು 54 ಪ್ರಕರಣಗಳಲ್ಲಿ ಬಳಕೆಯಾಗಿವೆ ಎಂದು ಲೆಕ್ಕ ಕೊಟ್ಟಿತು. ಐವತ್ತರಲ್ಲಿ ಅಷ್ಟು ಹೊತ್ತಿಗೆ ಪೊಲೀಸರ ಕೈಸೇರಿದ್ದು 31.