ನಾಸ್ತಿಕತೆ: ಒಂದೇ ಪ್ರಶ್ನೆಗೆ ಕೊಟ್ಟ ಉತ್ತರ

ಜಗತ್ತನ್ನು ದೇವರು ಮಾಡಿದ ಎನ್ನುವುದಾದರೆ, ಮಾಡುವ ಮೊದಲು ಅವನು ಎಲ್ಲಿದ್ದ? ಅವನಿಗೆ ಸಾಮಗ್ರಿ ಎಲ್ಲಿಂದ ಸಿಕ್ಕಿತು? ಆ ಸಾಮಗ್ರಿ ಯಾರೂ ಮಾಡದೆಯೇ ಇದ್ದಿತು ಎಂದರೆ, ಜಗತ್ತು ಕೂಡ ಹಾಗೆಯೇ ಇರಬಾರದೇಕೆ? ಅವನಿಗೆ ಯಾವ ಕೊರತೆಯೂ ಇಲ್ಲದಿದ್ದರೆ ಸೃಷ್ಟಿಯ ಬಯಕೆ ಹುಟ್ಟಿದ್ದಾದರೂ ಹೇಗೆ?

ಇವು ಇಂದಿನ ಯಾವುದೋ ವಿಚಾರವಾದಿ ವೇದಿಕೆಯ ಭಾಷಣದಿಂದ ಬಂದವಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ಗುರುವೆಂದು ಗೌರವಿಸಿದ ಜೈನ ಮುನಿ ಜಿನಸೇನಾಚಾರ್ಯರು ಸಂಸ್ಕೃತದ ಮಹಾಪುರಾಣದಲ್ಲಿ ಹೂಡಿದ ವಾದದ ಸಾರ ಇದು. ಅದೇ ಕೃತಿಯ ಕಥೆಯನ್ನು ಆಧರಿಸಿ ಪಂಪ 941ರಲ್ಲಿ ಕನ್ನಡದಲ್ಲಿ ಆದಿಪುರಾಣ ರಚಿಸಿದ. ಸೃಷ್ಟಿಕರ್ತನನ್ನು ಇಷ್ಟು ಖಂಡತುಂಡವಾಗಿ ಅಲ್ಲಗಳೆದ ಜಿನಸೇನರು ಧರ್ಮವನ್ನು ಬಿಟ್ಟವರಲ್ಲ. ಅವರು ಸರ್ವಸಂಗ ಪರಿತ್ಯಾಗಿ. ಕರ್ಮ, ಪುನರ್ಜನ್ಮ, ಮೋಕ್ಷಗಳನ್ನು ಮನಸಾರೆ ನಂಬಿದ್ದವರು.

ನಾಸ್ತಿಕತೆಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಒಂದು ಗೆರೆ ಎಳೆದುಕೊಳ್ಳುತ್ತೇವೆ. ಅದರ ಒಂದು ಕಡೆ ದೇವರು ಮತ್ತು ಧರ್ಮ, ಇನ್ನೊಂದು ಕಡೆ ನಾಸ್ತಿಕತೆ ಮತ್ತು ವಿಜ್ಞಾನ. ಈ ಗೆರೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ದೇವರಿದ್ದಾನೆಯೇ ಎಂಬ ಒಂದು ಪ್ರಶ್ನೆಗೆ 'ಇಲ್ಲ, ಇದ್ದಾನೆ ಎನ್ನಲು ಆಧಾರವಿಲ್ಲ' ಎಂದು ಕೊಡುವ ಉತ್ತರವೇ ನಾಸ್ತಿಕತೆ. ವಿಜ್ಞಾನ ಉತ್ತರವಲ್ಲ, ಉತ್ತರ ಹುಡುಕುವ ಒಂದು ಕ್ರಮ. ಧರ್ಮವಂತೂ ದೇವರಿಗಿಂತ ದೊಡ್ಡ ವ್ಯವಸ್ಥೆ: ಹುಟ್ಟು, ಮದುವೆ, ಸಾವು, ಹಬ್ಬ, ನೀತಿ, ಜಾತಿ, ಸಂಬಂಧಗಳೆಲ್ಲ ಅದರೊಳಗಿವೆ.

ನಮ್ಮ ದರ್ಶನಗಳ ಇತಿಹಾಸವನ್ನೇ ನೋಡಿ. ಕುಮಾರಿಲ ಭಟ್ಟರ ಮೀಮಾಂಸೆಯಲ್ಲಿ ವೇದವೇ ಪರಮ ಪ್ರಮಾಣ. ಆದರೆ ಆ ವೇದವನ್ನು ಹೇಳಿದವರು ಯಾರೂ ಇಲ್ಲ, ಯಜ್ಞದ ಫಲ ಕೊಡಲು ಈಶ್ವರ ಬೇಕಿಲ್ಲ, ಜಗತ್ತಿಗೆ ಕರ್ತೃವೂ ಇಲ್ಲ. ಆದರೂ ಮೀಮಾಂಸಕರು ಆಸ್ತಿಕರ ಸಾಲಿನಲ್ಲೇ ಕುಳಿತರು. ದೇವರನ್ನು ಒಪ್ಪುವುದಲ್ಲ, ವೇದವನ್ನು ಒಪ್ಪುವುದು ಆ ಸಾಲಿಗೆ ಸೇರುವ ಅರ್ಹತೆಯಾಗಿತ್ತು. ಎಲ್ಲವನ್ನೂ ನಿಜವಾಗಿ ಬಿಟ್ಟವರು ಲೋಕಾಯತರು, ಅಂದರೆ ಚಾರ್ವಾಕರು. ಅವರ ಪಾಲಿಗೆ ದೇವರಿಲ್ಲ, ದೇಹ ಬಿಟ್ಟು ಆತ್ಮವಿಲ್ಲ, ಪರಲೋಕವಿಲ್ಲ. ಅವರ ಮೂಲಗ್ರಂಥಗಳು ಉಳಿದಿಲ್ಲ. ನಮಗೆ ಗೊತ್ತಿರುವುದು ಹೆಚ್ಚಿನಂಶ ಅವರನ್ನು ಖಂಡಿಸಿದವರ ಬರಹಗಳಿಂದ. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ, ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯವೇ ಚಾರ್ವಾಕರದು. ಸಾಲ ಮಾಡಿ ತುಪ್ಪ ತಿನ್ನುವವರು ಎಂಬ ಹಣೆಪಟ್ಟಿ ಅವರಿಗೆ ಅಂಟಿಕೊಂಡಿರುವುದು ಎದುರಾಳಿಗಳ ಬರಹದಿಂದಲೇ ಎಂಬುದನ್ನು ಮರೆಯದಿರುವುದು ನ್ಯಾಯ.

ಯುರೋಪಿನಲ್ಲಿ ಕಥೆ ಬೇರೆ. ಅಲ್ಲಿ ದೇವರು, ಚರ್ಚು, ಅರಸೊತ್ತಿಗೆ ಒಂದರೊಳಗೊಂದು ಹೆಣೆದುಕೊಂಡಿದ್ದರಿಂದ ದೇವರನ್ನು ಅಲ್ಲಗಳೆದವನು ಸಮಾಜವನ್ನೇ ಅಲ್ಲಗಳೆದಂತೆ ಕಾಣುತ್ತಿದ್ದ. 1811ರಲ್ಲಿ ಕವಿ ಶೆಲ್ಲಿ ನಾಸ್ತಿಕತೆಯ ಪರವಾದ ಕಿರುಹೊತ್ತಿಗೆಯ ಕಾರಣಕ್ಕೆ ಆಕ್ಸ್‌ಫರ್ಡ್‌ನಿಂದ ಹೊರಬೀಳಬೇಕಾಯಿತು. 1880ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆಯ್ಕೆಯಾದ ಚಾರ್ಲ್ಸ್ ಬ್ರಾಡ್ಲಾ ಬಹಿರಂಗವಾಗಿಯೇ ನಾಸ್ತಿಕ. ದೇವರ ಹೆಸರಿಲ್ಲದೆ ಪ್ರತಿಜ್ಞೆ ಮಾಡಲು ಸದನ ಬಿಡಲಿಲ್ಲ. ಹೋಗಲಿ, ಎಲ್ಲರಂತೆ ಪ್ರಮಾಣ ಮಾಡುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ. ಕ್ಷೇತ್ರದ ಜನ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿದರು. 1886ರಲ್ಲಿ ಕೊನೆಗೂ ಆಸನ ಸಿಕ್ಕಿತು, 1888ರಲ್ಲಿ ಕಾನೂನೇ ಬದಲಾಯಿತು. ಭಾರತದ ಪರವಾಗಿ ಪಾರ್ಲಿಮೆಂಟಿನಲ್ಲಿ ದನಿ ಎತ್ತುತ್ತಿದ್ದ ಬ್ರಾಡ್ಲಾ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. 1891ರಲ್ಲಿ ಅವರು ತೀರಿಕೊಂಡಾಗ, ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿ ಅಂತ್ಯಸಂಸ್ಕಾರಕ್ಕೆ ಹೋಗಿದ್ದರು. ಇಂದು ನಮ್ಮ ಶಾಸಕರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಸಂವಿಧಾನ ಎರಡಕ್ಕೂ ಸಮಾನ ಮಾನ್ಯತೆ ಕೊಟ್ಟಿದೆ.

ಈಗ ವಿಜ್ಞಾನದ ಮಾತು. ವಿಜ್ಞಾನ ಓದಿದವರು ತಾವಾಗಿಯೇ ನಾಸ್ತಿಕರಾಗುತ್ತಾರೆ ಎಂಬ ನಂಬಿಕೆ ಆಸ್ತಿಕರಲ್ಲೂ ಇದೆ, ನಾಸ್ತಿಕರಲ್ಲೂ ಇದೆ. ಆದರೆ ಚರಿತ್ರೆ ಹಾಗೆ ಹೇಳುವುದಿಲ್ಲ. ಬೆಲ್ಜಿಯಂನ ಜಾರ್ಜ್ ಲಮೇತ್ರ್ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಐನ್‌ಸ್ಟೈನರ ಸಮೀಕರಣಗಳಿಂದ ತೋರಿಸಿದವರು ಅವರು. 1931ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಡೀ ವಿಶ್ವ ಒಂದು 'ಆದಿಮ ಪರಮಾಣು'ವಿನಿಂದ ಸಿಡಿದು ಹರಡಿತು ಎಂದರು. ನಾಸ್ತಿಕ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್‌ಗೆ ಇದು ರುಚಿಸಲಿಲ್ಲ. ವಿಶ್ವಕ್ಕೊಂದು ಆರಂಭ ಎಂಬ ಮಾತಿನಲ್ಲೇ ಅವರಿಗೆ ಬೈಬಲ್ಲಿನ ವಾಸನೆ ಬಂತು. 1948ರಲ್ಲಿ ಅವರು ಮತ್ತು ಸಂಗಡಿಗರು ಆದಿಯೂ ಇಲ್ಲದ ಅಂತ್ಯವೂ ಇಲ್ಲದ ಸ್ಥಿರಸ್ಥಿತಿಯ ವಿಶ್ವವನ್ನು ಮುಂದಿಟ್ಟರು. 'ಬಿಗ್ ಬ್ಯಾಂಗ್' ಎಂಬ ಹೆಸರು ಕೂಡ 1949ರ ರೇಡಿಯೊ ಭಾಷಣವೊಂದರಲ್ಲಿ ಹಾಯ್ಲ್ ಬಾಯಿಂದಲೇ ಬಂದದ್ದು.

ಅತ್ತ 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್, ಹೊಸ ಖಗೋಳವಿಜ್ಞಾನ ದೈವಸೃಷ್ಟಿಯನ್ನು ಪುಷ್ಟೀಕರಿಸುತ್ತಿದೆ ಎಂಬರ್ಥದಲ್ಲಿ ಮಾತಾಡಿದರು. ಸಂತೋಷಪಡಬೇಕಾಗಿದ್ದ ಲಮೇತ್ರ್‌ಗೆ ಕಸಿವಿಸಿಯಾಯಿತು. ತನ್ನ ಸಿದ್ಧಾಂತ ಭೌತವಿಜ್ಞಾನದ್ದು. ದೇವರನ್ನು ನಂಬುವವನೂ ನಂಬದವನೂ ಅದನ್ನು ಒಪ್ಪಬಹುದು ಎಂಬುದು ಅವರ ನಿಲುವು. ತನ್ನ ಶ್ರದ್ಧೆಗೆ ಅನುಕೂಲವಾದ ಸಾಕ್ಷ್ಯವನ್ನೂ ಶ್ರದ್ಧೆಯ ಖಾತೆಗೆ ಜಮಾ ಮಾಡಿಕೊಳ್ಳದ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ವ್ಯಾಜ್ಯ ತೀರ್ಮಾನವಾದದ್ದು ಪಾದ್ರಿಯಿಂದಲೂ ಅಲ್ಲ, ನಾಸ್ತಿಕನಿಂದಲೂ ಅಲ್ಲ. 1965ರಲ್ಲಿ ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾಕ್ಕೆ ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುತ್ತಿದ್ದ ಮಂದ ಸದ್ದನ್ನು ವರದಿ ಮಾಡಿದರು. ಅದು ವಿಶ್ವದ ಎಳೆತನದ ಬಿಸಿಯ ಉಳಿಕೆ. ಸ್ಥಿರಸ್ಥಿತಿಯ ವಿಶ್ವದಲ್ಲಿ ಅದಕ್ಕೆ ಸಹಜವಾದ ಜಾಗವಿರಲಿಲ್ಲ.

ಹಾಗೆಂದು ವಿಜ್ಞಾನ ನಂಬಿಕೆಗಳನ್ನು ಮುಟ್ಟುವುದೇ ಇಲ್ಲ ಎಂದಲ್ಲ. ಜೀವಿಗಳ ಅಚ್ಚುಕಟ್ಟನ್ನು ಕಂಡು, ಇದಕ್ಕೊಬ್ಬ ಶಿಲ್ಪಿ ಇರಲೇಬೇಕು ಎನ್ನುತ್ತಿದ್ದ ವಾದದ ಬುಡವನ್ನು 1859ರಲ್ಲಿ ಡಾರ್ವಿನ್ ಅಲುಗಿಸಿದರು. ಆದರೆ ಅವರೇ 1879ರ ಪತ್ರವೊಂದರಲ್ಲಿ, ದೇವರಿಲ್ಲವೆಂದು ಸಾರುವ ನಾಸ್ತಿಕ ತಾನಲ್ಲ, ತನ್ನನ್ನು ಅಜ್ಞೇಯವಾದಿ ಎನ್ನುವುದೇ ಸರಿ ಎಂಬರ್ಥದಲ್ಲಿ ಬರೆದಿದ್ದರು. ಅವರ ಶ್ರದ್ಧೆಯನ್ನು ಸಡಿಲಿಸಿದ್ದು ಬರೀ ಜೀವವಿಜ್ಞಾನವಲ್ಲ. ಲೋಕದಲ್ಲಿ ಕಣ್ಣಿಗೆ ರಾಚುವ ನೋವು ಅವರನ್ನು ಕಾಡುತ್ತಿತ್ತು. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡ ತಂದೆ ಅವರು.

ದೇವರಿದ್ದಾನೆಯೇ ಎಂಬುದನ್ನು ಪ್ರಯೋಗಶಾಲೆ ಅಳೆಯಲಾರದು. ಆದರೆ ಇಂಥವರ ಬರಿಗೈಯಿಂದ ವಿಭೂತಿ ಉದುರುತ್ತದೆ ಎಂಬುದನ್ನು ಖಂಡಿತ ಅಳೆಯಬಹುದು. ಈ ವ್ಯತ್ಯಾಸವನ್ನು ಕನ್ನಡಿಗರಿಗೆ ಮನಗಾಣಿಸಿದವರು ಎಚ್. ನರಸಿಂಹಯ್ಯನವರು. ಪರಮಾಣು ಭೌತವಿಜ್ಞಾನ ಓದಿ, ಬ್ರಹ್ಮಚಾರಿಯಾಗಿ, ಖಾದಿ ತೊಟ್ಟು ಬಾಳಿದ ಈ ಗಾಂಧಿವಾದಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ನಿಯಂತ್ರಿತ ಪರಿಸರದಲ್ಲಿ ಪವಾಡ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಒಪ್ಪಿಗೆ ಬರಲಿಲ್ಲ. ದೊಡ್ಡ ಗದ್ದಲವೆದ್ದಿತು. ಆದರೆ ಸಮಿತಿ ಕೇಳಿದ್ದು ಪರೀಕ್ಷೆಗೆ ಅವಕಾಶವನ್ನೇ ಹೊರತು ಯಾರೂ ದೇವರನ್ನು ಬಿಡಬೇಕೆಂದಲ್ಲ. ಅದೇ ವರ್ಷ ಸಂವಿಧಾನದ 42ನೇ ತಿದ್ದುಪಡಿ, ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ಬರೆದಿಟ್ಟಿತು. ದೇವಸ್ಥಾನಕ್ಕೆ ಹೋಗುವವರಿಗೂ ಹೋಗದವರಿಗೂ ಆ ಕರ್ತವ್ಯ ಒಂದೇ.

ದೇವರ ಭಯವಿಲ್ಲದಿದ್ದರೆ ನೀತಿ ಉಳಿಯುವುದೇ ಎಂಬುದು ನಾಸ್ತಿಕರಿಗೆ ಸದಾ ಎದುರಾಗುವ ಪ್ರಶ್ನೆ. ಇದಕ್ಕೆ ತರ್ಕಕ್ಕಿಂತ ಬದುಕೇ ಒಳ್ಳೆಯ ಉತ್ತರ. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ನಾಸ್ತಿಕರೆಂಬ ಕಾರಣಕ್ಕೆ ಕಾಲೇಜಿನ ಅಧ್ಯಾಪಕ ಹುದ್ದೆ ಕಳೆದುಕೊಂಡವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. ಮುಂದೆ ಅದು ವಿಜಯವಾಡಕ್ಕೆ ಬಂತು. ಅಸ್ಪೃಶ್ಯತೆಯನ್ನು ಕಿತ್ತುಹಾಕುವುದು ಅವರ ಜೀವನದ ಕೆಲಸ. ಬ್ರಾಹ್ಮಣರಾಗಿ ಹುಟ್ಟಿದ ಗೋರಾ ತಮ್ಮ ಹಿರಿಯ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಸೇವಾಗ್ರಾಮದಲ್ಲಿ ಅದನ್ನು ನಡೆಸಿಕೊಡಲು ಗಾಂಧಿ ಒಪ್ಪಿದರು. ಮದುವೆಯ ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಬರಲಿ ಎಂಬುದಕ್ಕೂ ಒಪ್ಪಿದರು. ರಾಮನಾಮವನ್ನು ಉಸಿರಾಗಿಸಿಕೊಂಡಿದ್ದ ಮನುಷ್ಯ ಇಟ್ಟ ಹೆಜ್ಜೆ ಇದು! ಗಾಂಧಿಯವರ ಹತ್ಯೆಯ ನಂತರ, 1948ರಲ್ಲಿ, ಮದುವೆ ಸೇವಾಗ್ರಾಮದಲ್ಲೇ ನಡೆಯಿತು.

ನಮ್ಮ ಕಾಲದ ಕರ್ನಾಟಕದಲ್ಲೂ ಇಂಥ ಕೂಡುವಿಕೆ ಕಂಡಿದ್ದೇವೆ. ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನದ ವಿರುದ್ಧ ದೇವರನ್ನು ಒಪ್ಪದ ವಿಚಾರವಾದಿಗಳ ಜೊತೆ ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿಯವರೂ ಬೀದಿಗಿಳಿದರು. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಮಡೆಸ್ನಾನವನ್ನೂ ಮಾಟಮಂತ್ರದ ಹೆಸರಿನ ಹಿಂಸೆಯನ್ನೂ ಶಿಕ್ಷಾರ್ಹ ಮಾಡಿದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನು ಅದು ಮುಟ್ಟಿಲ್ಲ. ಜ್ಯೋತಿಷ್ಯ, ವಾಸ್ತುಗಳನ್ನೂ ಹೊರಗಿಟ್ಟಿದೆ. ಈ ಕೊನೆಯ ವಿನಾಯಿತಿಯ ಬಗ್ಗೆ ನನಗೆ ತಕರಾರಿದೆ, ಏಕೆಂದರೆ ಆ ಎರಡೂ ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆಗಳನ್ನೇ ಮಾರುತ್ತವೆ. ಆದರೆ ಕಾನೂನು ತನ್ನ ಗೆರೆಯನ್ನು ದೇವರಿದ್ದಾನೋ ಇಲ್ಲವೋ ಎಂಬಲ್ಲಿ ಎಳೆಯದೆ, ಮನುಷ್ಯನ ಮೈಗೂ ಮಾನಕ್ಕೂ ಹಾನಿಯಾಗುವಲ್ಲಿ ಎಳೆದದ್ದು ಸರಿಯಾಗಿಯೇ ಇದೆ.